ವೆಬ್‌ಕ್ಯಾಮ್ ಒಂದರಿಂದ ನೋಟ ಹಿಡಿಯುವುದು: ಪಿಕ್ಸೆಲ್ ಲೆಕ್ಕದಿಂದ ಆರು ಚೌಕದ ಹಲಗೆಯವರೆಗೆ

ನಮ್ಮ ದೊಡ್ಡಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಬಂದು ಮೊದಲು ಮಾತು ನಿಂತಿತು, ಆಮೇಲೆ ಕೈಯೂ ಆಡದಂತಾಯಿತು. ಈ ಕಾಯಿಲೆಯಲ್ಲಿ ಕಣ್ಣು ಆಡಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹಳ ಕಾಲ ಉಳಿದುಕೊಳ್ಳುತ್ತವೆ. ದೊಡ್ಡಮ್ಮ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೂಲೆಗಳಲ್ಲಿ ನೀರು, ಊಟ, ಫ್ಯಾನು, ನೋವು ಅಂತ ಮಾರ್ಕರ್‌ನಲ್ಲಿ ಬರೆದುಕೊಂಡಿದ್ದರು. ಅದನ್ನು ಇಬ್ಬರ ಮುಖದ ನಡುವೆ ಹಿಡಿದು, ಈ ಕಡೆಯಿಂದ ಅವರ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿ ಹೇಳಿಬಿಡುತ್ತಿದ್ದರು. ಅದೇ ಕೆಲಸವನ್ನು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಒಪ್ಪಿಸಲು ಹೋದವನು ನಾನು. ಮೊದಲ ವಾರ ದೊಡ್ಡಮ್ಮ ಹೇಳಿದ್ದು ಇಷ್ಟೇ: "ಅಲ್ವೋ ಮಗಾ, ಅವರು ನೀರು ನೋಡ್ತಿದ್ದಾರೆ, ನಿನ್ನ ಡಬ್ಬ ಫ್ಯಾನು ಅಂತಿದೆಯಲ್ಲೋ!"

ಡಬ್ಬದ ತಪ್ಪೇನೂ ಇರಲಿಲ್ಲ. ಲೆಕ್ಕ ಹಾಕದೆ ಕೋಡ್ ಬರೆಯಲು ಕೂತವನು ನಾನು. ಆಮೇಲೆ ಕಲಿತದ್ದನ್ನು, ಈಗ ಮೊದಲಿನಿಂದ ಮಾಡುವುದಾದರೆ ಯಾವ ಕ್ರಮದಲ್ಲಿ ಮಾಡುತ್ತಿದ್ದೆನೋ ಆ ಕ್ರಮದಲ್ಲಿ ಬರೆದಿದ್ದೇನೆ. ಪೈಥಾನ್ ಸ್ವಲ್ಪ ಬರುತ್ತದೆ, ಚಿತ್ರಗಳ ಲೆಕ್ಕಕ್ಕೆ ಬಳಸುವ ಓಪನ್‌ಸಿವಿ ಒಮ್ಮೆಯಾದರೂ ಮುಟ್ಟಿದ್ದೀರಿ ಅಂದುಕೊಂಡಿದ್ದೇನೆ.

ಕೋಡಿಗೆ ಮೊದಲು ಸ್ಕೇಲು

ಒಂದು ಅಳತೆಪಟ್ಟಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನಿಂದ 60 ಸೆಂ.ಮೀ. ದೂರದಲ್ಲಿ ಅದನ್ನು ಅಡ್ಡಲಾಗಿ ಹಿಡಿದು, ಕ್ಯಾಮೆರಾ ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಸೆಂ.ಮೀ. ಕಾಣುತ್ತದೆ ನೋಡಿ. ಕ್ಯಾಮೆರಾದ ನೋಟದ ಕೋನ 60 ಡಿಗ್ರಿ ಇದ್ದರೆ ಸುಮಾರು 69 ಸೆಂ.ಮೀ. ಬರುತ್ತದೆ. ಚಿತ್ರದ ಅಗಲ 1280 ಪಿಕ್ಸೆಲ್ ಆಗಿದ್ದರೆ, ಆ ದೂರದಲ್ಲಿ ಒಂದು ಸೆಂ.ಮೀ.ಗೆ ಸುಮಾರು 18.5 ಪಿಕ್ಸೆಲ್ ಸಿಕ್ಕ ಹಾಗಾಯಿತು.

ಈಗ ಕಣ್ಣಿಗೆ ಬನ್ನಿ. ದೊಡ್ಡವರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿ.ಮೀ. ಕಪ್ಪು ಭಾಗದ, ಅಂದರೆ ಐರಿಸ್‌ನ, ಅಡ್ಡಗಲ ಸುಮಾರು 11.7 ಮಿ.ಮೀ.; ಇದು ಆಳಿನಿಂದ ಆಳಿಗೆ ಹೆಚ್ಚು ಬದಲಾಗುವುದಿಲ್ಲ. ನಮ್ಮ ಕ್ಯಾಮೆರಾದಲ್ಲಿ ಅದು 21–22 ಪಿಕ್ಸೆಲ್ ಅಗಲವಾಗಿ ಕಾಣುತ್ತದೆ. ಗುಡ್ಡೆ ತಿರುಗುವ ಕೇಂದ್ರದಿಂದ ಐರಿಸ್ ಸುಮಾರು 10 ಮಿ.ಮೀ. ಮುಂದಿದೆ. ಹಾಗಾಗಿ ಕಣ್ಣು ಒಂದು ಡಿಗ್ರಿ ತಿರುಗಿದರೆ ಐರಿಸ್ ಸರಿಯುವುದು 0.17 ಮಿ.ಮೀ. ಪಿಕ್ಸೆಲ್‌ನಲ್ಲಿ ಹೇಳಬೇಕೆಂದರೆ ಒಂದು ಪಿಕ್ಸೆಲ್‌ನ ಮೂರನೇ ಒಂದು ಪಾಲು!

60 ಸೆಂ.ಮೀ. ದೂರದಲ್ಲಿ ಒಂದು ಡಿಗ್ರಿ ಎಂದರೆ ಪರದೆಯ ಮೇಲೆ 1.05 ಸೆಂ.ಮೀ. ಹಾಗಾದರೆ ಐರಿಸ್ ಕೇಂದ್ರವನ್ನು ಗುರುತಿಸುವಾಗ ಒಂದೇ ಒಂದು ಪಿಕ್ಸೆಲ್ ತಪ್ಪಿದರೆ, ಪರದೆಯ ಮೇಲೆ 3 ಸೆಂ.ಮೀ.ಗಿಂತ ಹೆಚ್ಚು ತಪ್ಪುತ್ತೀರಿ. 15.6 ಇಂಚಿನ ಪರದೆಯ ಅಗಲ 34.5 ಸೆಂ.ಮೀ., ಎತ್ತರ 19.4 ಸೆಂ.ಮೀ. ತಲೆ ಅಲ್ಲಾಡಿಸದೆ ಆ ಅಗಲವನ್ನೆಲ್ಲ ನೋಡಿ ಮುಗಿಸಲು ಐರಿಸ್ ಓಡಾಡುವುದು ಹತ್ತು ಪಿಕ್ಸೆಲ್. ಎತ್ತರಕ್ಕೆ ಆರೇ ಪಿಕ್ಸೆಲ್.

ಈ ಹತ್ತು ಮತ್ತು ಆರನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಳ್ಳಿ. ಮುಂದೆ ಮಾಡುವುದೆಲ್ಲ ಈ ಹತ್ತು ಪಿಕ್ಸೆಲ್ಲನ್ನು ಹಿಂಡಿ ಎಷ್ಟು ರಸ ಬರುತ್ತದೆ ಎಂದು ನೋಡುವ ಕೆಲಸ. ಅರ್ಧ ಪಿಕ್ಸೆಲ್, ಕಾಲು ಪಿಕ್ಸೆಲ್ ಲೆಕ್ಕ ಸಾಧ್ಯವೇ ಎಂದರೆ ಸಾಧ್ಯ. ಐರಿಸ್‌ನ ಅಂಚಿನಲ್ಲಿ ಹತ್ತಾರು ಪಿಕ್ಸೆಲ್ಲುಗಳಿವೆ, ಸೆಕೆಂಡಿಗೆ 30 ಫ್ರೇಮ್‌ಗಳಿವೆ. ಎಲ್ಲದರ ಸರಾಸರಿಯಿಂದ ಒಂದು ಪಿಕ್ಸೆಲ್‌ಗಿಂತ ಸಣ್ಣ ಅಳತೆ ಸಿಗುತ್ತದೆ. ಆದರೆ ಮೌಸ್ ಬಾಣದಷ್ಟು ನಿಖರತೆ ಮಾತ್ರ ಸಿಗುವುದಿಲ್ಲ. ಮನೆಯ ವೆಬ್‌ಕ್ಯಾಮಿಗೆ 3ರಿಂದ 4 ಡಿಗ್ರಿ ತಪ್ಪು ಬಂದರೆ ಅದು ಒಳ್ಳೆಯ ಫಲಿತಾಂಶವೇ.

ಇನ್ನೊಂದು ಮಿತಿ ಕಣ್ಣಿನದ್ದೇ. ಅಕ್ಷಿಪಟಲದಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಭಾಗ ಒಂದೆರಡು ಡಿಗ್ರಿಯಷ್ಟೇ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಸುಮಾರು 2 ಡಿಗ್ರಿ. ಆ ಹೆಬ್ಬೆರಳಿನಗಲದೊಳಗೆ ಮನಸ್ಸು ಎಲ್ಲಿದೆ ಎಂದು ಎಷ್ಟು ದುಬಾರಿ ಯಂತ್ರ ತಂದರೂ ಖಚಿತವಾಗಿ ಹೇಳಲಾಗದು.

ಜಾಗ ಮತ್ತು ಬೆಳಕು

ಬೆಳಕು ಮುಖದ ಎದುರಿನಿಂದ ಬೀಳಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮೆರಾ ಕಿಟಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಕಿಟಕಿಯ ಪರದೆ ಎಳೆಯಿರಿ, ಇಲ್ಲವೇ ಕುರ್ಚಿ ತಿರುಗಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್ 60ರಲ್ಲಿ ಉಳಿದಿದ್ದರೆ ಚಿತ್ರದ ಮೇಲೆ ಅಡ್ಡಪಟ್ಟಿಗಳು ತೇಲುತ್ತವೆ. ಬರಿಗಣ್ಣಿಗೆ ಅದು ಅಷ್ಟಾಗಿ ಕಾಣದಿದ್ದರೂ ಐರಿಸ್ ಗುರುತು ನಡುಗುತ್ತಿರುತ್ತದೆ. ನಾನು ಎರಡು ದಿನ ಕೋಡ್‌ನಲ್ಲಿ ಹುಡುಕಿದ ದೋಷ ಕೊನೆಗೆ ಇದೇ ಆಗಿತ್ತು. ಸಾಧ್ಯವಿದ್ದರೆ ಆಟೋಫೋಕಸ್ ಮತ್ತು ಆಟೋ ಎಕ್ಸ್‌ಪೋಷರ್ ಎರಡನ್ನೂ ಆಫ್ ಮಾಡಿ.

ಕ್ಯಾಮೆರಾವನ್ನು ಎಲ್ಲಿಡಬೇಕು? ಲ್ಯಾಪ್‌ಟಾಪಿನಲ್ಲಿ ಅದು ಪರದೆಯ ನೆತ್ತಿಯ ಮೇಲಿರುತ್ತದೆ, ನಮ್ಮ ಕೆಲಸಕ್ಕೆ ಅದೇ ತೊಂದರೆಯ ಜಾಗ. ಮನುಷ್ಯ ಕೆಳಗೆ ನೋಡಿದಾಗ ಮೇಲಿನ ರೆಪ್ಪೆಯೂ ಜೊತೆಗೆ ಇಳಿಯುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಅರ್ಧ ಐರಿಸ್ ಮಾತ್ರ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಐ ಟ್ರ್ಯಾಕರ್ ಪಟ್ಟಿಗಳನ್ನು ಪರದೆಯ ಬುಡದಲ್ಲಿ ಅಂಟಿಸುವುದು ಸುಮ್ಮನೆ ಅಲ್ಲ. ಪ್ರತ್ಯೇಕ ಯುಎಸ್‌ಬಿ ವೆಬ್‌ಕ್ಯಾಮ್ ಇದ್ದರೆ ಪರದೆಯ ಕೆಳಗೆ, ಮಧ್ಯದಲ್ಲಿ ಇಟ್ಟು ಸ್ವಲ್ಪ ಮೇಲ್ಮುಖ ಮಾಡಿ. ನನಗೆ ಉದ್ದ ದಿಕ್ಕಿನ, ಅಂದರೆ ಮೇಲೆ ಕೆಳಗಿನ, ತಪ್ಪು ಕಡಿಮೆಯಾದದ್ದು ಕೋಡಿನಿಂದಲ್ಲ, ಕ್ಯಾಮೆರಾವನ್ನು ಕೆಳಗಿಳಿಸಿದ್ದರಿಂದ.

ಕನ್ನಡಕ ಹಾಕಿದವರಿಗೆ ಗಾಜಿನಲ್ಲಿ ಪರದೆಯ ಬಿಳಿ ಚೌಕ ಮಿಂಚುತ್ತದೆ. ಪರದೆಯ ಹಿನ್ನೆಲೆಯನ್ನು ಗಾಢ ಬಣ್ಣಕ್ಕೆ ಬದಲಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸಿದರೆ ಗಾಜು ಕೆಳಕ್ಕೆ ಬಾಗಿ ಮಿಂಚು ಪಕ್ಕಕ್ಕೆ ಹೋಗುತ್ತದೆ.

ಕಣ್ಣಪಾಪೆಯೋ ಐರಿಸ್ಸೋ

ಹೊಸಬರು ಕಣ್ಣಪಾಪೆ ಹುಡುಕಲು ಹೊರಡುತ್ತಾರೆ. ನಮ್ಮ ಕಡುಕಂದು ಕಣ್ಣುಗಳಲ್ಲಿ, ಸಾಮಾನ್ಯ ಬೆಳಕಿನಲ್ಲಿ, ಪಾಪೆ ಎಲ್ಲಿ ಮುಗಿಯಿತು ಐರಿಸ್ ಎಲ್ಲಿ ಶುರುವಾಯಿತು ಎಂದು ವೆಬ್‌ಕ್ಯಾಮಿಗೆ ತಿಳಿಯುವುದೇ ಇಲ್ಲ. ಇನ್‌ಫ್ರಾರೆಡ್ ಬೆಳಕಿನಲ್ಲಿ ಕಥೆ ಬೇರೆ: ಕಂದು ಐರಿಸ್ ಅಲ್ಲಿ ತಿಳಿಯಾಗಿ ಕಂಡು ಪಾಪೆ ಕಪ್ಪು ಬಟ್ಟಿನಂತೆ ಎದ್ದು ಬರುತ್ತದೆ. ನಮ್ಮ ಹತ್ತಿರ ಅದಿಲ್ಲ. ಆದರೆ ಕಡುಕಂದು ಐರಿಸ್ ಮತ್ತು ಕಣ್ಣಿನ ಬಿಳಿಯ ನಡುವಿನ ಗಡಿ ನಮಗೆ ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಐರಿಸ್‌ನ ಹೊರಗಡಿಯನ್ನೇ ಹಿಡಿಯಿರಿ.

ಇದಕ್ಕೆ ಗೂಗಲ್‌ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರ ಫೇಸ್ ಲ್ಯಾಂಡ್‌ಮಾರ್ಕರ್ ಮುಖದ ಮೇಲೆ 478 ಗುರುತುಗಳನ್ನು ಕೊಡುತ್ತದೆ. ಕೊನೆಯ ಹತ್ತು ಎರಡು ಐರಿಸ್‌ಗಳವು. ಕೂತವರ ಬಲಗಣ್ಣಿನ ಹೊರಮೂಲೆ 33, ಒಳಮೂಲೆ 133, ಐರಿಸ್ ಕೇಂದ್ರ 468, ಮೇಲ್ರೆಪ್ಪೆ 159, ಕೆಳರೆಪ್ಪೆ 145. ಎಡಗಣ್ಣಿನ ಹೊರಮೂಲೆ 263, ಒಳಮೂಲೆ 362, ಐರಿಸ್ ಕೇಂದ್ರ 473, ರೆಪ್ಪೆಗಳು 386 ಮತ್ತು 374. ಐರಿಸ್‌ನ ಅಡ್ಡ ಅಂಚುಗಳು ಬಲಗಣ್ಣಿಗೆ 469 ಮತ್ತು 471, ಎಡಗಣ್ಣಿಗೆ 474 ಮತ್ತು 476.

ಇಲ್ಲಿ ಎರಡು ಗುಂಡಿಗಳಿವೆ, ನಾನು ಎರಡರಲ್ಲೂ ಬಿದ್ದಿದ್ದೇನೆ. ಗುರುತುಗಳು 0ಯಿಂದ 1ರೊಳಗಿನ ಸಂಖ್ಯೆಗಳಾಗಿ ಬರುತ್ತವೆ. ಅಡ್ಡ ಸಂಖ್ಯೆಯನ್ನು ಚಿತ್ರದ ಅಗಲದಿಂದಲೂ ಉದ್ದ ಸಂಖ್ಯೆಯನ್ನು ಚಿತ್ರದ ಎತ್ತರದಿಂದಲೂ ಗುಣಿಸಿದ ಮೇಲೆಯೇ ಉಳಿದ ಲೆಕ್ಕ ಮಾಡಬೇಕು. ಗುಣಿಸದೆ ಹೋದರೆ ಎಲ್ಲ ಕೋನಗಳೂ ಸೊಟ್ಟಗಾಗುತ್ತವೆ, ಆದರೂ ಪ್ರೋಗ್ರಾಂ ಏನೂ ದೂರು ಹೇಳದೆ ಓಡುತ್ತಿರುತ್ತದೆ. ಎರಡನೆಯದು ಕನ್ನಡಿ ಚಿತ್ರ. ಪರದೆಯಲ್ಲಿ ತೋರಿಸಲು ಚಿತ್ರವನ್ನು ತಿರುಗಿಸಿದ್ದರೆ ಲೆಕ್ಕಕ್ಕೆ ತಿರುಗಿಸದ ಚಿತ್ರವನ್ನೇ ಕೊಡಿ.

ನಾಲ್ಕು ಸಂಖ್ಯೆಗೆ ಇಳಿಸುವುದು

ಚಿತ್ರದಲ್ಲಿ ಐರಿಸ್ ಎಲ್ಲಿದೆ ಎನ್ನುವುದರಿಂದ ಉಪಯೋಗವಿಲ್ಲ, ತಲೆ ಸರಿದರೆ ಅದೂ ಸರಿಯುತ್ತದೆ. ಕಣ್ಣಿನ ಮೂಲೆಗಳಿಗೆ ಹೋಲಿಸಿದರೆ ಎಲ್ಲಿದೆ ಎನ್ನುವುದು ಬೇಕು. ಹೊರಮೂಲೆಯಿಂದ ಒಳಮೂಲೆಗೆ ಒಂದು ಗೆರೆ ಎಳೆದುಕೊಳ್ಳಿ. ಐರಿಸ್ ಕೇಂದ್ರದಿಂದ ಆ ಗೆರೆಗೆ ಲಂಬ ಇಳಿಸಿ. ಲಂಬ ಮುಟ್ಟಿದ ಜಾಗ ಗೆರೆಯ ಎಷ್ಟು ಪಾಲು ದೂರದಲ್ಲಿದೆ ಎನ್ನುವುದು ಅಡ್ಡ ಅಳತೆ. ಲಂಬದ ಉದ್ದವನ್ನು, ಮೇಲಿದ್ದರೆ ಕೂಡು ಕೆಳಗಿದ್ದರೆ ಕಳೆ ಚಿಹ್ನೆ ಇಟ್ಟು, ಗೆರೆಯ ಉದ್ದದಿಂದ ಭಾಗಿಸಿದರೆ ಉದ್ದ ಅಳತೆ.

ಅಡ್ಡ ಅಳತೆಯಲ್ಲಿ ಒಂದು ಎಚ್ಚರ: ಒಂದು ಕಣ್ಣಿಗೆ ಹೊರಮೂಲೆಯಿಂದ ಒಳಮೂಲೆಗೆ, ಇನ್ನೊಂದಕ್ಕೆ ಒಳಮೂಲೆಯಿಂದ ಹೊರಮೂಲೆಗೆ ಎಣಿಸಬೇಕು. ಆಗ ಮಾತ್ರ ಎರಡೂ ಒಂದೇ ದಿಕ್ಕಿಗೆ ಬೆಳೆದು ಸರಾಸರಿಗೆ ಅರ್ಥ ಬರುತ್ತದೆ.

ಉದ್ದ ಅಳತೆಯನ್ನು ರೆಪ್ಪೆಗಳ ನಡುವಿನ ಅಂತರದಿಂದ ಭಾಗಿಸುವ ಕೋಡ್ ಎಲ್ಲೆಡೆ ಸಿಗುತ್ತದೆ. ಅದನ್ನು ನಕಲು ಮಾಡಬೇಡಿ. ಕೆಳಗೆ ನೋಡಿದಾಗ ರೆಪ್ಪೆಯೂ ಇಳಿಯುವುದರಿಂದ ಐರಿಸ್ ಯಾವಾಗಲೂ ತೆರೆದ ಭಾಗದ ನಡುವೆಯೇ ಇದ್ದಂತೆ ಕಂಡು, ಬೇಕಾದ ಸುಳಿವೇ ಅಳಿಸಿಹೋಗುತ್ತದೆ. ರೆಪ್ಪೆ ಎಷ್ಟು ತೆರೆದಿದೆ ಎನ್ನುವುದನ್ನು ಕಣ್ಣಿನ ಅಗಲದಿಂದ ಭಾಗಿಸಿ ಪ್ರತ್ಯೇಕವಾದ ಮೂರನೆಯ ಅಳತೆಯಾಗಿ ಇಟ್ಟುಕೊಳ್ಳಿ. ಆರು ಪಿಕ್ಸೆಲ್ ಓಡಾಟದ ಬಡತನದಲ್ಲಿ ಈ ರೆಪ್ಪೆ ದೊಡ್ಡ ನೆರವು.

ನಾಲ್ಕನೆಯದು ದೂರ. ಮೊದಲು 60 ಸೆಂ.ಮೀ.ನಲ್ಲಿ ಅಳೆದ ಅಗಲ ನೆನಪಿದೆಯಲ್ಲ? 1280ನ್ನು 60ರಿಂದ ಗುಣಿಸಿ 69ರಿಂದ ಭಾಗಿಸಿದರೆ 1113 ಬರುತ್ತದೆ, ಇದು ಪಿಕ್ಸೆಲ್ ಲೆಕ್ಕದಲ್ಲಿ ಕ್ಯಾಮೆರಾದ ಫೋಕಲ್ ಲೆಂತ್. ಅದನ್ನು 11.7ರಿಂದ ಗುಣಿಸಿ ಐರಿಸ್‌ನ ಪಿಕ್ಸೆಲ್ ಅಗಲದಿಂದ ಭಾಗಿಸಿದರೆ ಕಣ್ಣು ಎಷ್ಟು ಮಿ.ಮೀ. ದೂರದಲ್ಲಿದೆ ಎಂದು ಸಿಗುತ್ತದೆ. ಐರಿಸ್ 21.7 ಪಿಕ್ಸೆಲ್ ಇದ್ದರೆ 600 ಮಿ.ಮೀ. ಟೇಪು ಹಿಡಿದು ಒಮ್ಮೆ ತಾಳೆ ನೋಡಿ.

ತಲೆ ಎಂಬ ತಲೆನೋವು

1824ರಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಒಂದು ಮಜಾ ತೋರಿಸಿದ. ಚಿತ್ರದಲ್ಲಿ ಬರೆದ ಒಂದು ಜೊತೆ ಕಣ್ಣುಗಳನ್ನು ಹಾಗೇ ಬಿಟ್ಟು, ಸುತ್ತಲಿನ ಮೂಗು ಮುಖವನ್ನು ಮಾತ್ರ ಬೇರೆ ದಿಕ್ಕಿಗೆ ತಿರುಗಿದಂತೆ ಬರೆದರೆ, ಅವೇ ಕಣ್ಣುಗಳು ಬೇರೆ ಕಡೆ ನೋಡುತ್ತಿರುವಂತೆ ಕಾಣುತ್ತವೆ. ಮನುಷ್ಯರು ನೋಟವನ್ನು ಓದುವಾಗ ಕಣ್ಣಷ್ಟನ್ನೇ ಓದುವುದಿಲ್ಲ, ತಲೆಯನ್ನೂ ಸೇರಿಸಿ ಓದುತ್ತಾರೆ. ನಿಮ್ಮ ಪ್ರೋಗ್ರಾಮೂ ಅದನ್ನೇ ಮಾಡಬೇಕು.

ಎಷ್ಟು ಮುಖ್ಯ ನೋಡಿ. ಕೂತವರು ಒಂದೇ ಚುಕ್ಕೆ ನೋಡುತ್ತಾ ತಲೆಯನ್ನು 5 ಡಿಗ್ರಿ ತಿರುಗಿಸಿದರೆ, ಚುಕ್ಕೆ ಬಿಡದಿರಲು ಕಣ್ಣು 5 ಡಿಗ್ರಿ ಹಿಂದಕ್ಕೆ ತಿರುಗುತ್ತದೆ. ಕಣ್ಣನ್ನಷ್ಟೇ ಅಳೆಯುವ ಪ್ರೋಗ್ರಾಂ ಪರದೆಯಲ್ಲಿ 5 ಸೆಂ.ಮೀ. ಆಚೆ ಹೋಗಿ ನಿಲ್ಲುತ್ತದೆ.

ಪರಿಹಾರ ಎರಡು. ಒಂದು, ತಲೆಯನ್ನು ನಿಲ್ಲಿಸುವುದು: ಒರಗುಕುರ್ಚಿ, ಕತ್ತಿನ ಎರಡೂ ಪಕ್ಕ ದಿಂಬು. ದೊಡ್ಡಪ್ಪನ ವಿಷಯದಲ್ಲಿ ಇದು ತಾನಾಗಿಯೇ ಒದಗಿತ್ತು. ಎರಡು, ತಲೆಯ ಕೋನವನ್ನು ಅಳೆದು ಲೆಕ್ಕಕ್ಕೆ ಸೇರಿಸುವುದು. ಮೂಗಿನ ತುದಿ, ಗಲ್ಲ, ಎರಡು ಹೊರಗಣ್ಣ ಮೂಲೆ, ಎರಡು ಬಾಯಿಯ ಮೂಲೆ, ಹೀಗೆ ಆರು ಗುರುತುಗಳನ್ನು ಒಂದು ಸಾಮಾನ್ಯ ಮುಖದ ಮೂರು ಆಯಾಮದ ಮಾದರಿಯ ಜೊತೆ ಹೊಂದಿಸಿ ಓಪನ್‌ಸಿವಿಯ ಸಾಲ್ವ್‌ಪಿಎನ್‌ಪಿ ಎಂಬ ಫಂಕ್ಷನ್ನಿಗೆ ಕೊಟ್ಟರೆ ತಲೆ ಎಡಬಲ ಎಷ್ಟು, ಮೇಲೆ ಕೆಳಗೆ ಎಷ್ಟು ತಿರುಗಿದೆ ಎಂದು ಹೇಳುತ್ತದೆ. ಅಷ್ಟೂ ಬೇಡವೆಂದರೆ ಮೀಡಿಯಾಪೈಪ್‌ನ ಲ್ಯಾಂಡ್‌ಮಾರ್ಕರ್ ತಾನೇ ಮುಖದ ಪರಿವರ್ತನಾ ಮ್ಯಾಟ್ರಿಕ್ಸ್, ಅಂದರೆ ತಲೆಯ ತಿರುವು ಮತ್ತು ಜಾಗ ಹೇಳುವ ಸಂಖ್ಯೆಗಳ ಕೋಷ್ಟಕ, ಕೊಡುತ್ತದೆ. ಆ ಆಯ್ಕೆಯನ್ನು ಆನ್ ಮಾಡಿದರೆ ಸಾಕು. ಬಂದ ಕೋನಗಳನ್ನು, ಚಿತ್ರದಲ್ಲಿ ಮುಖ ಇರುವ ಜಾಗವನ್ನು ಅಳತೆಗಳ ಪಟ್ಟಿಗೆ ಸೇರಿಸಿ.

ಮೊದಲ ಸಲಕ್ಕೆ ದಿಂಬಿನ ದಾರಿಯೇ ಲೇಸು.

ಕ್ಯಾಲಿಬ್ರೇಷನ್

ಐರಿಸ್ ಎತ್ತ ಮುಖ ಮಾಡಿದೆಯೋ ಮನುಷ್ಯ ಅತ್ತಲೇ ನೋಡುತ್ತಿಲ್ಲ. ಕಣ್ಣಿನ ಜ್ಯಾಮಿತಿಯ ಅಕ್ಷಕ್ಕೂ ನಿಜವಾದ ನೋಟದ ಅಕ್ಷಕ್ಕೂ ನಡುವೆ ಅಡ್ಡ ದಿಕ್ಕಿನಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸವಿರುತ್ತದೆ, ಮತ್ತು ಅದು ಪ್ರತಿಯೊಬ್ಬರಿಗೂ ಬೇರೆ. ಹೊರಗಿನಿಂದ ಚಿತ್ರ ತೆಗೆದು ಅದನ್ನು ಕಂಡುಹಿಡಿಯಲಾಗದು. ಗೊತ್ತಿರುವ ಜಾಗವನ್ನು ನೋಡಿಸಿಯೇ ತಿಳಿಯಬೇಕು, ಕ್ಯಾಲಿಬ್ರೇಷನ್ ಎಂದರೆ ಅದೇ. ಎರಡೂ ಕಣ್ಣಿನಲ್ಲಿ ಈ ವ್ಯತ್ಯಾಸ ಮೂಗಿನ ಕಡೆಗೇ ಇರುವುದರಿಂದ, ಎರಡರ ಸರಾಸರಿ ತೆಗೆದರೆ ಒಂದಷ್ಟು ವಜಾ ಆಗುತ್ತದೆ. ಒಂದೇ ಕಣ್ಣಿನಿಂದ ಲೆಕ್ಕ ಹಾಕಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಒಂಬತ್ತು ಚುಕ್ಕೆಗಳನ್ನಿಡಿ: ಪರದೆಯ ಅಗಲದ ಮತ್ತು ಎತ್ತರದ 10, 50, 90 ಶೇಕಡದ ಜಾಗಗಳಲ್ಲಿ. ಕ್ರಮ ತಪ್ಪಿಸಿ ತೋರಿಸಿ, ಸಾಲಾಗಿ ಬಂದರೆ ಕಣ್ಣು ಮುಂದಿನದಕ್ಕೆ ಮೊದಲೇ ಜಾರುತ್ತದೆ. ಪ್ರತಿ ಚುಕ್ಕೆ ಎರಡು ಸೆಕೆಂಡು ಇರಲಿ, ದೊಡ್ಡದಾಗಿ ಶುರುವಾಗಿ ಸಣ್ಣದಾಗುತ್ತಾ ಹೋಗಲಿ. ಕುಗ್ಗುವ ಚುಕ್ಕೆ ನೋಟವನ್ನು ನಡುವಿಗೆ ಎಳೆಯುತ್ತದೆ. ಮೊದಲ 0.7 ಸೆಕೆಂಡಿನ ಫ್ರೇಮ್‌ಗಳನ್ನು ಎಸೆಯಿರಿ. ಹೊಸ ಚುಕ್ಕೆ ಕಂಡ ಮೇಲೆ ಕಣ್ಣು ಹೊರಡಲಿಕ್ಕೇ 0.2 ಸೆಕೆಂಡು ಬೇಕು, ಆಮೇಲೆ ನೆಲೆ ನಿಲ್ಲಬೇಕು. ಉಳಿದ ಮೂವತ್ತು ನಲವತ್ತು ಫ್ರೇಮ್‌ಗಳ ಮೀಡಿಯನ್, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, ತೆಗೆದುಕೊಳ್ಳಿ. ಸರಾಸರಿ ಬೇಡ, ನಡುವೆ ಒಂದು ರೆಪ್ಪೆ ಬಡಿದರೆ ಅದು ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ.

ಅಡ್ಡ ಅಳತೆಯನ್ನು ಅ, ಉದ್ದ ಅಳತೆಯನ್ನು ಉ ಎಂದಿಟ್ಟುಕೊಂಡರೆ ಸೂತ್ರ ಹೀಗೆ:

ಪರದೆಯ ಅಡ್ಡ ಸ್ಥಾನ = ಕ + ಖ·ಅ + ಗ·ಉ + ಘ·ಅ·ಉ + ಚ·ಅ² + ಛ·ಉ²

ಉದ್ದ ಸ್ಥಾನಕ್ಕೂ ಇದೇ ರೂಪ, ಬೇರೆ ಆರು ಗುಣಾಂಕ. ಒಂಬತ್ತು ಚುಕ್ಕೆಗಳಿಂದ ಆರು ಗುಣಾಂಕ ಆರಾಮಾಗಿ ಸಿಗುತ್ತವೆ. ತಪ್ಪುಗಳ ವರ್ಗದ ಮೊತ್ತವನ್ನು ಕನಿಷ್ಠ ಮಾಡುವ ಬರೀ ಲೀಸ್ಟ್ ಸ್ಕ್ವೇರ್ಸ್‌ಗಿಂತ ರಿಡ್ಜ್ ರಿಗ್ರೆಷನ್ ಬಳಸಿ; ಅದು ಗುಣಾಂಕಗಳು ವಿಪರೀತ ಬೆಳೆಯದಂತೆ ಲಗಾಮು ಹಾಕುತ್ತದೆ. ಅದಕ್ಕೆ ಮೊದಲು ಪ್ರತಿ ಅಳತೆಯಿಂದ ಅದರ ಸರಾಸರಿ ಕಳೆದು ಹರವಿನಿಂದ ಭಾಗಿಸುವುದನ್ನು ಮರೆಯಬೇಡಿ. ಮರೆತರೆ ದೊಡ್ಡ ಸಂಖ್ಯೆಗಳ ದೂರ ಮತ್ತು ಸಣ್ಣ ಸಂಖ್ಯೆಗಳ ರೆಪ್ಪೆಗೆ ಒಂದೇ ಲಗಾಮು ಬಿದ್ದು ಎಡವಟ್ಟಾಗುತ್ತದೆ. ರೆಪ್ಪೆಯ ಅಳತೆಯನ್ನು ಉದ್ದ ಸ್ಥಾನದ ಸೂತ್ರಕ್ಕೆ ಮಾತ್ರ ಏಳನೆಯದಾಗಿ ಸೇರಿಸಿ.

ತಲೆಯ ಕೋನ, ದೂರ, ಮುಖದ ಜಾಗ ಎಲ್ಲವನ್ನೂ ಸೇರಿಸುವುದಾದರೆ ಒಂಬತ್ತು ಚುಕ್ಕೆ ಯಾತಕ್ಕೂ ಸಾಲದು. ಆಗ ಒಂದು ಚುಕ್ಕೆಯನ್ನು ಪರದೆಯ ಮೇಲೆ ನಿಧಾನವಾಗಿ ಹರಿಸಿ, ನೋಡುವವರಿಗೆ ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಾ ಅದನ್ನೇ ಹಿಂಬಾಲಿಸಲು ಹೇಳಿ. ಒಂದು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಮಾದರಿ ಸಿಗುತ್ತವೆ. ದಣಿದ ರೋಗಿಗಾದರೆ ಇದರ ಉಲ್ಟಾ: ಐದೇ ಚುಕ್ಕೆ, ವರ್ಗದ ಪದಗಳನ್ನೆಲ್ಲ ಬಿಟ್ಟ ನೇರ ಸೂತ್ರ. ಅಂಚಿನಲ್ಲಿ ಸ್ವಲ್ಪ ತಪ್ಪುತ್ತದೆ, ಆದರೆ ಅವರು ಕ್ಯಾಲಿಬ್ರೇಷನ್‌ನಲ್ಲೇ ಸುಸ್ತಾಗಿ ಕಣ್ಣು ಮುಚ್ಚುವುದಿಲ್ಲ.

ಪರೀಕ್ಷೆ ಬೇರೆ ಚುಕ್ಕೆಗಳ ಮೇಲೆ

ಪಾಠ ಹೇಳಿದ ಪ್ರಶ್ನೆಗಳನ್ನೇ ಪರೀಕ್ಷೆಗೆ ಕೊಟ್ಟರೆ ಎಲ್ಲರೂ ಪಾಸು. ಕ್ಯಾಲಿಬ್ರೇಷನ್‌ನಲ್ಲಿ ಇಲ್ಲದ ಐದು ಜಾಗ ಆರಿಸಿ, ತೋರಿಸಿ, ಎರಡು ಸಂಖ್ಯೆ ಬರೆದುಕೊಳ್ಳಿ. ಮೊದಲನೆಯದು, ಲೆಕ್ಕ ಹಾಕಿದ ಬಿಂದುಗಳ ನಡು ನಿಜವಾದ ಚುಕ್ಕೆಯಿಂದ ಎಷ್ಟು ದೂರ. ಎರಡನೆಯದು, ಆ ಬಿಂದುಗಳು ತಮ್ಮ ನಡುವಿನ ಸುತ್ತ ಎಷ್ಟು ಚೆದುರಿವೆ. ಮೊದಲನೆಯದು ದೊಡ್ಡದಾಗಿದ್ದರೆ ಕ್ಯಾಲಿಬ್ರೇಷನ್ ಅಥವಾ ತಲೆಯ ತೊಂದರೆ. ಎರಡನೆಯದು ದೊಡ್ಡದಾಗಿದ್ದರೆ ಬೆಳಕಿನ ತೊಂದರೆ. ಔಷಧಿ ಬೇರೆ ಬೇರೆ.

ಪಿಕ್ಸೆಲ್‌ನಲ್ಲಿ ಬಂದದ್ದನ್ನು ಸೆಂ.ಮೀ.ಗೆ, ಅದನ್ನು ಕಣ್ಣಿನ ದೂರದಿಂದ ಭಾಗಿಸಿ ಆರ್ಕ್‌ಟ್ಯಾನ್ ತೆಗೆದು ಡಿಗ್ರಿಗೆ ಬದಲಿಸಿ. 1920 ಪಿಕ್ಸೆಲ್ ಅಗಲದ 15.6 ಇಂಚಿನ ಪರದೆಯಲ್ಲಿ 60 ಸೆಂ.ಮೀ. ದೂರದಿಂದ ಒಂದು ಡಿಗ್ರಿ ಸುಮಾರು 58 ಪಿಕ್ಸೆಲ್. 230 ಪಿಕ್ಸೆಲ್ ತಪ್ಪಿದರೆ 4 ಡಿಗ್ರಿ. ಬೇರೆ ಪರದೆ, ಬೇರೆ ದೂರದ ಫಲಿತಾಂಶಗಳನ್ನು ಹೋಲಿಸಲು ಡಿಗ್ರಿ ಬಿಟ್ಟರೆ ಬೇರೆ ಭಾಷೆಯಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆನ್‌ಲೈನ್ ಪರೀಕ್ಷೆಗಳಲ್ಲಿ ವಿದ್ಯಾರ್ಥಿಯ ನೋಟ ಪರದೆಯಿಂದ ಆಚೆ ಹೋಯಿತು ಎಂದು ವೆಬ್‌ಕ್ಯಾಮ್ ನೋಡಿ ಗುರುತು ಹಾಕುವ ಪದ್ಧತಿ ಇದೆ. ಕ್ಯಾಲಿಬ್ರೇಷನ್ ಇಲ್ಲದೆ, ಅಗ್ಗದ ಕ್ಯಾಮೆರಾದಲ್ಲಿ, ಯಾವುದೋ ಬೆಳಕಿನಲ್ಲಿ ಕೂತ ಮಗುವಿನ ನೋಟ ಪರದೆಯ ಅಂಚಿನ ಒಳಗಿತ್ತೋ ಹೊರಗಿತ್ತೋ ಎನ್ನುವ ತೀರ್ಪು ಒಂದೆರಡು ಪಿಕ್ಸೆಲ್ ಮೇಲೆ ನಿಂತಿರುತ್ತದೆ. ಮೇಲಿನ ಲೆಕ್ಕ ಒಮ್ಮೆ ಹಾಕಿದವರು ಅಂಥ ಗುರುತನ್ನು ಸಾಕ್ಷಿ ಎಂದು ಒಪ್ಪಲಾರರು.

ರೆಪ್ಪೆ ಬಡಿತ, ನಡುಕ

ರೆಪ್ಪೆ ಬಡಿಯುವಾಗ ಐರಿಸ್ ಗುರುತು ಎಲ್ಲೆಲ್ಲೋ ಹಾರುತ್ತದೆ. ರೆಪ್ಪೆ ತೆರೆದ ಅಳತೆ ಅವರ ಮಾಮೂಲಿ ಅಳತೆಯ ಅರ್ಧಕ್ಕಿಂತ ಇಳಿದರೆ ಬಡಿತ ಎಂದು ಹಿಡಿದು, ಅದರ ಹಿಂದಿನ ಮತ್ತು ಮುಂದಿನ ಮೂರು ಫ್ರೇಮ್‌ಗಳನ್ನೂ ಕೈಬಿಡಿ. ಎಲ್ಲರಿಗೂ ಒಂದೇ ಸಂಖ್ಯೆ ಇಡುವುದು ಸರಿಯಲ್ಲ. ಕಣ್ಣು ಸಣ್ಣದಿರುವವರು, ವಯಸ್ಸಾಗಿ ರೆಪ್ಪೆ ಜೋತವರು ನಿಮ್ಮ ಪ್ರೋಗ್ರಾಮಿಗೆ ಸದಾ ನಿದ್ದೆಯಲ್ಲಿರುತ್ತಾರೆ.

ನಡುಕ ತಗ್ಗಿಸಲು ಮೊದಲು ಐದು ಫ್ರೇಮ್‌ಗಳ ಮೀಡಿಯನ್, ಆಮೇಲೆ ಒನ್ ಯೂರೋ ಫಿಲ್ಟರ್. 2012ರಲ್ಲಿ ಪ್ರಕಟವಾದ ಈ ಸರಳ ಫಿಲ್ಟರ್ ನೋಟ ನಿಂತಾಗ ಹೆಚ್ಚು ಸವರುತ್ತದೆ, ಜಿಗಿದಾಗ ಬಿಟ್ಟುಕೊಡುತ್ತದೆ. ಕಣ್ಣಿನ ಸ್ವಭಾವವೇ ಹಾಗೆ: ಒಂದು ಕಡೆ 200–300 ಮಿಲಿಸೆಕೆಂಡು ನಿಂತು, ಇನ್ನೊಂದು ಕಡೆಗೆ ಚಂಗನೆ ನೆಗೆಯುತ್ತದೆ. ನೆಗೆತ ಮುಗಿಯುವುದು 30–80 ಮಿಲಿಸೆಕೆಂಡಿನಲ್ಲಿ, ನಿಮ್ಮ ಕ್ಯಾಮೆರಾದ ಒಂದೆರಡು ಫ್ರೇಮ್‌ನೊಳಗೆ. ಆದ್ದರಿಂದ ನೆಗೆತದ ವೇಗ ಅಳೆಯುವ ಆಸೆ ಬೇಡ. ನೋಟದ ಬಿಂದುಗಳು ಸ್ವಲ್ಪ ಹೊತ್ತು ಒಂದು ಸಣ್ಣ ವಲಯದೊಳಗೆ ಉಳಿದರೆ ಅದನ್ನು ನಿಲುಗಡೆ ಎಂದು ಎಣಿಸಿ. ಇನ್‌ಫ್ರಾರೆಡ್ ಯಂತ್ರಗಳಲ್ಲಿ ಆ ವಲಯ ಒಂದು ಡಿಗ್ರಿ. ನಮಗೆ ಚೆದುರುವಿಕೆಯ ಎರಡರಷ್ಟಾದರೂ ಬೇಕು.

ಹಲಗೆ

ಈಗ ಉಪಯೋಗಕ್ಕೆ. 34.5 × 19.4 ಸೆಂ.ಮೀ. ಪರದೆಯನ್ನು ಮೂರು ಕಂಬಸಾಲು, ಎರಡು ಅಡ್ಡಸಾಲಾಗಿ ಆರು ಚೌಕ ಮಾಡಿದರೆ ಪ್ರತಿಯೊಂದೂ 11.5 × 9.7 ಸೆಂ.ಮೀ. ಚೌಕದ ನಡುವಿನಿಂದ ಮೇಲಂಚಿಗೆ 4.85 ಸೆಂ.ಮೀ. 3 ಡಿಗ್ರಿ ತಪ್ಪು ಎಂದರೆ 3.1 ಸೆಂ.ಮೀ., ಆರಾಮಾಗಿ ಒಳಗಿರುತ್ತದೆ. 4 ಡಿಗ್ರಿಗೆ 4.2 ಸೆಂ.ಮೀ., ಉಸಿರು ಬಿಗಿಹಿಡಿದು ಒಳಗಿರುತ್ತದೆ. ಒಂಬತ್ತು ಚೌಕ ಮಾಡಿದಿರೋ, ದೊಡ್ಡಮ್ಮನ ಬೈಗುಳ ಖಾತ್ರಿ. ಅಕ್ಷರವನ್ನು ಚೌಕದ ನಟ್ಟನಡುವೆ ಸಣ್ಣದಾಗಿ ಬರೆಯಿರಿ. ಚೌಕದ ತುಂಬ ಬರೆದರೆ ಕಣ್ಣು ಅಂಚಿನ ಕೊಂಬನ್ನೂ ಒತ್ತನ್ನೂ ನೋಡುತ್ತದೆ.

ನೋಡಿದ್ದೆಲ್ಲ ಆಯ್ಕೆಯಾಗುವ ತೊಂದರೆಗೆ ಈ ಕ್ಷೇತ್ರದವರು ಮೈಡಾಸ್ ಟಚ್ ಎನ್ನುತ್ತಾರೆ; ಮೈಡಾಸ್ ಎಂದರೆ ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದ ಗ್ರೀಕ್ ಕಥೆಯ ರಾಜ. ರಾಬರ್ಟ್ ಜೇಕಬ್ ಎಂಬ ಸಂಶೋಧಕ 1990ರ ಹೊತ್ತಿಗೆ ಇಟ್ಟ ಹೆಸರು. ನನಗೆ ಭಸ್ಮಾಸುರನ ಕೈಯೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ವರ ಸಿಕ್ಕಿದ್ದೇ ಕಷ್ಟಕ್ಕೆ ಬಂತು. ಹಾಗಾಗಿ ಒಂದು ಸೆಕೆಂಡು ನೋಟ ನಿಂತರೆ ಮಾತ್ರ ಆಯ್ಕೆ ಎಂದಿಡಿ, ನಿಲ್ಲುತ್ತಿರುವಾಗ ಚೌಕದ ನಡುವೆ ಒಂದು ಉಂಗುರ ತುಂಬುತ್ತಾ ಬರಲಿ. ನೋಡುತ್ತಾ ಯೋಚಿಸಲು, ಸುಮ್ಮನಿರಲು ಒಂದು ಜಾಗವೂ ಬೇಕು. ನಾನು ಪರದೆಯ ಹೊರಗೆ, ಮೇಲ್ಗಡೆ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದೆ. ದೊಡ್ಡಪ್ಪ ಅದನ್ನು ನೋಡುತ್ತಿದ್ದರೆ ಏನೂ ಬೇಡ ಎಂದರ್ಥ.

ಮೊದಲ ಪುಟದಲ್ಲಿ ನೀರು, ನೋವು, ಮಗ್ಗುಲು, ಫ್ಯಾನು, ಕರೆ, ಮತ್ತು ಆರನೆಯದಾಗಿ 'ಬರೆ'. ಬರೆ ಎನ್ನುವಲ್ಲಿ ನಮ್ಮ ವರ್ಣಮಾಲೆ ಕೊಟ್ಟ ಖುಷಿಯನ್ನು ಹೇಳಲೇಬೇಕು. ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಐದು ಚೌಕ. ಪ್ರತಿ ವರ್ಗದೊಳಗೆ ಐದೈದೇ ಅಕ್ಷರ, ಆರನೆಯ ಚೌಕ 'ಹಿಂದೆ'. ಐದೈದರ ಈ ಜೋಡಣೆ ಆರು ಚೌಕಕ್ಕೆಂದೇ ಮಾಡಿಟ್ಟ ಹಾಗಿದೆ. 'ಬರೆ' ಪುಟದ ಆರನೆಯ ಚೌಕ ಸ್ವರಗಳಿಗೆ, ಯರಲವಕ್ಕೆ, ಅಳಿಸುವುದಕ್ಕೆ ದಾರಿ. ವ್ಯಂಜನ ಆರಿಸಿದ ಕೂಡಲೇ ಅ, ಆ, ಇ, ಉ, ಎ ಮತ್ತು 'ಇನ್ನು' ಎನ್ನುವ ಗುಣಿತದ ಪುಟ ತಾನಾಗಿ ಬರಲಿ. 'ನೀರು' ಬರೆಯಲು ಹೀಗೆ ಎಂಟು ನೋಟ: ನಕಾರಕ್ಕೆ ಎರಡು, ಈಕಾರಕ್ಕೆ ಎರಡು, ರಕಾರಕ್ಕೆ ಮೂರು, ಉಕಾರಕ್ಕೆ ಒಂದು. ನಿಧಾನವೇ. ನೀರು ಮೊದಲ ಪುಟದಲ್ಲೇ ನೇರವಾಗಿ ಇರುವುದು ಅದಕ್ಕೇ.

ಹೊತ್ತು ಕಳೆದಂತೆ ಲೆಕ್ಕ ಜಾರುತ್ತದೆ. ದಿಂಬು ಕುಸಿಯುತ್ತದೆ, ಬಿಸಿಲು ಸರಿಯುತ್ತದೆ. ಪ್ರತಿ ಸಲ ಮತ್ತೆ ಒಂಬತ್ತು ಚುಕ್ಕೆ ತೋರಿಸಬೇಕಿಲ್ಲ. ಒಂದು ಚೌಕ ಆಯ್ಕೆಯಾಗಿ ಅವರು ಅದನ್ನು ಅಳಿಸದೆ ಮುಂದೆ ಹೋದರೆಂದರೆ, ಆ ಕ್ಷಣ ಅವರು ನೋಡಿದ್ದು ಆ ಚೌಕದ ನಡುವನ್ನೇ. ಲೆಕ್ಕದ ಬಿಂದುವಿಗೂ ನಡುವಿಗೂ ಇದ್ದ ವ್ಯತ್ಯಾಸದ ಹತ್ತನೇ ಒಂದು ಪಾಲನ್ನು ಮುಂದಿನ ಎಲ್ಲ ಲೆಕ್ಕಕ್ಕೆ ತಿದ್ದುಪಡಿಯಾಗಿ ಸೇರಿಸುತ್ತಾ ಹೋಗಿ. 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಬಂದ ವೆಬ್‌ಗೇಜರ್ ಎಂಬ ಬ್ರೌಸರ್ ಉಪಕರಣವೂ ಬಳಕೆದಾರರ ಮೌಸ್ ಕ್ಲಿಕ್ಕುಗಳಿಂದ ಹೀಗೇ ಕಲಿಯುತ್ತದೆ.

ಇಷ್ಟರಲ್ಲಿ ಆಗದಿದ್ದರೆ

ಒಂದು ದಾರಿ ಆಳ ನರಜಾಲಗಳು, ಅಂದರೆ ರಾಶಿ ರಾಶಿ ಉದಾಹರಣೆಗಳಿಂದ ತಾವೇ ಕಲಿಯುವ ಪ್ರೋಗ್ರಾಂಗಳು (ಡೀಪ್ ನ್ಯೂರಲ್ ನೆಟ್‌ವರ್ಕ್). 2016ರ ಗೇಜ್‌ಕ್ಯಾಪ್ಚರ್ ಸಂಗ್ರಹದಲ್ಲಿ 1,450ಕ್ಕೂ ಹೆಚ್ಚು ಜನರ ಸುಮಾರು 25 ಲಕ್ಷ ಫ್ರೇಮ್‌ಗಳಿವೆ. ಅದರಿಂದ ಕಲಿತ ಐಟ್ರ್ಯಾಕರ್ ಎಂಬ ಮಾದರಿ ಕ್ಯಾಲಿಬ್ರೇಷನ್ ಇಲ್ಲದೆ ಫೋನಿನ ಮೇಲೆ 1.71 ಸೆಂ.ಮೀ. ತಪ್ಪಿಗೆ ಇಳಿಯಿತು, ಕ್ಯಾಲಿಬ್ರೇಷನ್ ಮಾಡಿದಾಗ 1.34ಕ್ಕೆ. 2020ರ ಇಟಿಎಚ್-ಎಕ್ಸ್‌ಗೇಜ್‌ನಲ್ಲಿ 110 ಜನರ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳಿದ್ದು ತಲೆ ವಿಪರೀತ ತಿರುಗಿದ ಸ್ಥಿತಿಗಳೂ ಸೇರಿವೆ. ಇಂಥ ಮಾದರಿಗಳಲ್ಲಿ ಹಲವು ನೋಟದ ದಿಕ್ಕನ್ನು ಕೋನವಾಗಿ ಕೊಡುತ್ತವೆ. ಅದನ್ನು ಪರದೆಯ ಬಿಂದುವಾಗಿಸಲು ಕ್ಯಾಮೆರಾ ಪರದೆಯಿಂದ ಎಲ್ಲಿದೆ, ಎಷ್ಟು ಬಾಗಿದೆ ಎಂದು ನೀವೇ ಅಳೆದು ಕೊಡಬೇಕು. ಐಫೋನ್ ಇದ್ದವರಿಗೆ 2024ರ ಐಒಎಸ್ 18ರಿಂದ ಮುಂಭಾಗದ ಕ್ಯಾಮೆರಾ ಬಳಸುವ ಐ ಟ್ರ್ಯಾಕಿಂಗ್ ಅಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲೇ ಇದೆ, ಮೊದಲು ಅದನ್ನು ನೋಡಿ.

ಇನ್ನೊಂದು ದಾರಿ ಇನ್‌ಫ್ರಾರೆಡ್ ಯಂತ್ರ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ಬೀಳುವ ಎಲ್‌ಇಡಿಯ ಹೊಳಪುಬಿಂದುವಿಗೂ ಪಾಪೆಯ ಕೇಂದ್ರಕ್ಕೂ ಇರುವ ಅಂತರವನ್ನು ಅದು ಅಳೆಯುತ್ತದೆ. ತಲೆ ಸ್ವಲ್ಪ ಸರಿದರೆ ಎರಡೂ ಜೊತೆಗೇ ಸರಿಯುವುದರಿಂದ ನಮ್ಮ ದಿಂಬಿನ ಗೋಳು ಅಲ್ಲಿ ಕಡಿಮೆ. ಒಳ್ಳೆಯ ಯಂತ್ರ ಅರ್ಧ ಡಿಗ್ರಿಯ ಆಸುಪಾಸಿನ ನಿಖರತೆ ಕೊಡುತ್ತದೆ. ಆದರೆ ಇನ್‌ಫ್ರಾರೆಡ್ ಎಲ್‌ಇಡಿ ತಂದು ಮನೆಯಲ್ಲೇ ಬೆಸುಗೆ ಹಾಕಿ ರೋಗಿಯ ಕಣ್ಣಿಗೆ ತಿರುಗಿಸಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಜೋರಾದರೂ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ.

ವಿಡಿಯೊವನ್ನು ಎಲ್ಲೂ ಉಳಿಸಬೇಡಿ, ಇಂಟರ್ನೆಟ್ಟಿಗೆ ಕಳಿಸಬೇಡಿ. ಮೇಲೆ ಹೇಳಿದ ಅಷ್ಟೂ ಲೆಕ್ಕ ಸಾಮಾನ್ಯ ಲ್ಯಾಪ್‌ಟಾಪಿನೊಳಗೇ ಮುಗಿಯುತ್ತದೆ. ದೋಷ ಹುಡುಕಲು ದಾಖಲೆ ಬೇಕಿದ್ದರೆ ನಾಲ್ಕು ಅಳತೆಗಳನ್ನು ಮಾತ್ರ ಬರೆದಿಡಿ, ಮುಖ ಬೇಡ.

ಕೊನೆಗೆ ನಮ್ಮನೆಯಲ್ಲಿ ನಿಂತ ಸೆಟ್ಟಿಂಗ್: ಕ್ಯಾಮೆರಾ ಪರದೆಯ ಕೆಳಗೆ, ದೂರ 55 ಸೆಂ.ಮೀ., ಐದು ಚುಕ್ಕೆಯ ಕ್ಯಾಲಿಬ್ರೇಷನ್, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಮಗ್ಗುಲು ಬದಲಿಸಿದ ಮೇಲೆ ಒಂದು ಸಲ, ಆರು ಚೌಕ, ಆಯ್ಕೆಗೆ 1.2 ಸೆಕೆಂಡು. ಪ್ಲಾಸ್ಟಿಕ್ ಹಾಳೆ ಮಂಚದ ತಲೆದೆಸೆಯ ಮೊಳೆಗೆ ತೂಗುತ್ತಲೇ ಇತ್ತು. ಕರೆಂಟ್ ಹೋದಾಗ ದೊಡ್ಡಮ್ಮ ಅದನ್ನೇ ಇಳಿಸಿಕೊಳ್ಳುತ್ತಿದ್ದರು.